ಮ್ಯಾಗ್ನಿಟ್ಯೂಡ್ ಋಣ ಆಗುತ್ತಾ ಇಲ್ವಾ? ಸದಿಶಕ್ಕೊಂದು, ನಕ್ಷತ್ರಕ್ಕೊಂದು, ಭೂಕಂಪಕ್ಕೊಂದು ನ್ಯಾಯ ಯಾಕೆ?

ಕೊನೇಬೆಂಚು
ಭೌತವಿಜ್ಞಾನದ ಪಠ್ಯ ಹೇಳೋದು: ಸದಿಶದ (ವೆಕ್ಟರ್) ಮ್ಯಾಗ್ನಿಟ್ಯೂಡ್, ಅಂದರೆ ಪರಿಮಾಣ, ಯಾವತ್ತೂ ಋಣ ಆಗಲ್ಲ. ಖಗೋಳದ ಪಠ್ಯ ಹೇಳೋದು: ಲುಬ್ಧಕ (ಸಿರಿಯಸ್) ನಕ್ಷತ್ರದ ಮ್ಯಾಗ್ನಿಟ್ಯೂಡ್ −1.46. ಭೂಕಂಪದ ಸುದ್ದಿಯಲ್ಲಿ 6ಕ್ಕಿಂತ 7 ಹತ್ತು ಪಟ್ಟು ದೊಡ್ಡದು ಅಂತ ಒಬ್ಬರು, 32 ಪಟ್ಟು ಅಂತ ಇನ್ನೊಬ್ಬರು. ಇದರ ಮೇಲೆ 'ಆರ್ಡರ್ ಆಫ್ ಮ್ಯಾಗ್ನಿಟ್ಯೂಡ್' ಬೇರೆ: ಭೂಮಿಯ ತ್ರಿಜ್ಯ 6.37 × 10⁶ ಮೀಟರ್, ಇದರ ಆರ್ಡರ್ 6 ಅಂತ ಬರೀಬೇಕಾ 7 ಅಂತ ಬರೀಬೇಕಾ? ಇದೆಲ್ಲ ಒಂದೇ ಪರಿಕಲ್ಪನೆಯಾ, ಅಥವಾ ಹೆಸರು ಮಾತ್ರ ಒಂದಾ? ಗೊತ್ತಿರೋರು ಬಿಡಿಸಿ ಹೇಳಿ.

ಸದಿಶಪುರಾಣ
ಸದಿಶದಿಂದ ಶುರು ಮಾಡೋಣ. ಪರಿಮಾಣ ಅಂದರೆ ದಿಕ್ಕನ್ನು ಪಕ್ಕಕ್ಕಿಟ್ಟ ಮೇಲೆ ಉಳಿಯುವ 'ಎಷ್ಟು'. ಲೆಕ್ಕ: ಪ್ರತಿ ಘಟಕವನ್ನು (ಒಂದೊಂದು ಅಕ್ಷದ ಮೇಲಿನ ಪಾಲು) ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. ಘಟಕಗಳು 3 ಮತ್ತು −4 ಆದರೆ 9 + 16 = 25, ಪರಿಮಾಣ 5. ವರ್ಗ ಮಾಡಿದ ಕೂಡಲೇ ಚಿಹ್ನೆ ಹೋಯಿತು, ವರ್ಗಮೂಲದಲ್ಲಿ ಧನ ಬೆಲೆಯನ್ನೇ ತಗೋತೀವಿ. ಋಣ ಬರೋಕೆ ದಾರಿಯೇ ಇಲ್ಲ. ಸೊನ್ನೆ ಬರೋದು ಎಲ್ಲ ಘಟಕವೂ ಸೊನ್ನೆ ಆದಾಗ ಮಾತ್ರ.

'−5 ನ್ಯೂಟನ್ ಬಲ' ಅಂತ ಬರೆದಾಗ ಆ ಮೈನಸ್ ಪರಿಮಾಣದ್ದಲ್ಲ, ಆಯ್ದುಕೊಂಡ ಅಕ್ಷಕ್ಕೆ ಎದುರು ದಿಕ್ಕಿನದು. −5 ಅನ್ನೋದು ಘಟಕ, 5 ಅನ್ನೋದು ಪರಿಮಾಣ. ಉತ್ತರಪತ್ರಿಕೆಯಲ್ಲಿ ಅಂಕ ಹೋಗೋದು ಇವೆರಡನ್ನು ಕಲಸಿದಾಗಲೇ.

ಮೂಲೆಮನೆ
ಸಂಕೀರ್ಣ ಸಂಖ್ಯೆಗೂ ಅದೇ ಸೂತ್ರ ತಾನೆ? ವರ್ಗ ಮಾಡು, ಮೂಲ ತೆಗಿ.

ಸದಿಶಪುರಾಣ
ಹಾಗೇ ವರ್ಗ ಮಾಡಿದರೆ ಕೆಡುತ್ತೆ. 3 + 4ಐ ಅನ್ನು ವರ್ಗ ಮಾಡಿದರೆ −7 + 24ಐ ಬರುತ್ತೆ, 25 ಅಲ್ಲ. ಸಂಖ್ಯೆಯನ್ನು ಅದರ ಸಂಯುಗ್ಮದಿಂದ ಗುಣಿಸಬೇಕು: (3 + 4ಐ)(3 − 4ಐ) = 25, ಮೂಲ 5. ಸಿಗ್ನಲ್ ಪ್ರೊಸೆಸಿಂಗ್ ಕೋಡಿನಲ್ಲಿ ಎಫ್‌ಎಫ್‌ಟಿ (ಸಿಗ್ನಲನ್ನು ಆವೃತ್ತಿಗಳಾಗಿ ಬಿಡಿಸುವ ಲೆಕ್ಕ) ಫಲಿತವನ್ನು ನೇರ ವರ್ಗ ಮಾಡಿ 'ಪವರ್' ಅಂತ ಪ್ಲಾಟ್ ಹಾಕೋದು ಇದೇ ಜಾತಿಯ ತಪ್ಪು.

ಇರುಳುನೋಟ
ನಕ್ಷತ್ರದ ಕಡೆ ಬರ್ತೀನಿ. ಟಾಲೆಮಿಯ ಅಲ್ಮಾಜೆಸ್ಟ್‌ನಲ್ಲಿ, ಅಂದರೆ 2ನೇ ಶತಮಾನದಲ್ಲೇ, ನಕ್ಷತ್ರಗಳಿಗೆ ಆರು ದರ್ಜೆ ಇತ್ತು. ಅತಿ ಪ್ರಕಾಶದವು ಒಂದನೇ ದರ್ಜೆ, ಕಂಡೂ ಕಾಣದಂಥವು ಆರನೇ ದರ್ಜೆ. 1856ರಲ್ಲಿ ನಾರ್ಮನ್ ಪಾಗ್‌ಸನ್ ಇದಕ್ಕೆ ಗಣಿತದ ಕಟ್ಟು ಹಾಕಿದರು: ಐದು ದರ್ಜೆಯ ಅಂತರ ಅಂದರೆ ಸರಿಯಾಗಿ 100 ಪಟ್ಟು ಬೆಳಕು. ಹಾಗಾಗಿ ಒಂದು ದರ್ಜೆಗೆ 100ರ ಐದನೇ ಮೂಲ, 2.512 ಪಟ್ಟು.

ಸೂತ್ರ: ಕಾಂತಿಮಾನದ (ನಕ್ಷತ್ರದ ಮ್ಯಾಗ್ನಿಟ್ಯೂಡ್) ವ್ಯತ್ಯಾಸ = −2.5 × ಲಾಗ್ (ಬೆಳಕಿನ ಅನುಪಾತ). ಲಾಗ್ ಹತ್ತರ ಆಧಾರದ್ದು. ಆ ಮೈನಸ್ ಇರೋದರಿಂದಲೇ ಹೊಳಪು ಜಾಸ್ತಿ ಆದಷ್ಟೂ ಅಂಕಿ ಇಳಿಯುತ್ತೆ. ಅಳತೆ ನಿಖರ ಆದಮೇಲೆ ಕೆಲವು ಕಾಯಗಳು ಸೊನ್ನೆಯನ್ನೂ ದಾಟಿ ಕೆಳಗೆ ಹೋದವು: ಲುಬ್ಧಕ −1.46, ಹುಣ್ಣಿಮೆ ಚಂದ್ರ ಸುಮಾರು −12.7, ಸೂರ್ಯ −26.74. ಸೂರ್ಯ ಚಂದ್ರರ ಅಂತರ 14 ದರ್ಜೆ. 14ನ್ನು 0.4ರಿಂದ ಗುಣಿಸಿದರೆ 5.6, ಹತ್ತರ 5.6ನೇ ಘಾತ ಸುಮಾರು 4 ಲಕ್ಷ. ಹುಣ್ಣಿಮೆಗಿಂತ ಹಗಲು ಅಷ್ಟು ಪಟ್ಟು ಬೆಳಕು.

ಇಲ್ಲಿ ಋಣ ಅಂದರೆ 'ಶೂನ್ಯಬಿಂದುವಿಗಿಂತ ಪ್ರಕಾಶ ಹೆಚ್ಚು' ಅಷ್ಟೇ. ಬೆಳಕು ಋಣವಾಗಿಲ್ಲ.

ಶುದ್ಧಗಣಿತ
ಹಾಗಾದರೆ ಅದು ಮ್ಯಾಗ್ನಿಟ್ಯೂಡೇ ಅಲ್ಲ, ಮ್ಯಾಗ್ನಿಟ್ಯೂಡಿನ ಲಾಗ್. ನಿಯಮ ಮೂರೇ ಮೂರು: ಒಂದು, ಋಣ ಆಗಕೂಡದು, ಸೊನ್ನೆ ಆಗೋದೂ ಶೂನ್ಯ ಸದಿಶಕ್ಕೆ ಮಾತ್ರ; ಎರಡು, ಸದಿಶವನ್ನು ಎರಡು ಪಟ್ಟು ಮಾಡಿದರೆ ಅದೂ ಎರಡು ಪಟ್ಟಾಗಬೇಕು; ಮೂರು, ಎರಡರ ಮೊತ್ತದ ಪರಿಮಾಣ ಪರಿಮಾಣಗಳ ಮೊತ್ತವನ್ನು ಮೀರಬಾರದು. ಕಾಂತಿಮಾನ ಮೂರರಲ್ಲೂ ಫೇಲು. ಖಗೋಳದವರು ಹೆಸರನ್ನು ಹಾಳು ಮಾಡಿದ್ದಾರೆ.

ಇರುಳುನೋಟ
ಅಲ್ಲ ಸ್ವಾಮಿ, ಸದಿಶ ಅನ್ನೋದು 19ನೇ ಶತಮಾನದ ಕೂಸು. ಅದು ಹುಟ್ಟೋ 1,700 ವರ್ಷ ಮೊದಲೇ ನಕ್ಷತ್ರದ ಪಟ್ಟಿ ತಯಾರಿತ್ತು. ಹೆಸರು ಯಾರು ಯಾರದ್ದು ಹಾಳು ಮಾಡಿದರು ಅಂತ ಇನ್ನೊಮ್ಮೆ ಯೋಚಿಸಿ.

ಬೆಳಕಿನಕೋನ
ಶುದ್ಧಗಣಿತ ಅವರೇ, ನಿಮ್ಮ ಮೂರು ನಿಯಮ ಭೌತವಿಜ್ಞಾನದ ಒಳಗೇ ಮುರಿಯುತ್ತೆ. ಸಾಪೇಕ್ಷತೆಯಲ್ಲಿ ದೇಶಕಾಲದ ಅಂತರದ ವರ್ಗ ಧನ, ಋಣ, ಸೊನ್ನೆ ಮೂರೂ ಆಗಬಹುದು. ಬೆಳಕಿನ ಕಿರಣದ ಹಾದಿಯ ಮೇಲಿನ ಯಾವುದೇ ಎರಡು ಘಟನೆ ತಗೊಳ್ಳಿ, ಘಟಕಗಳು ಸೊನ್ನೆ ಅಲ್ಲ, ಆದರೂ ಅಂತರ ಸೊನ್ನೆ. ಅದನ್ನೂ 'ಪರಿಮಾಣ' ಅಂತಲೇ ಕರೀತಾರೆ.

ಶುದ್ಧಗಣಿತ
ಅದು ನಾರ್ಮ್ (ನನ್ನ ಮೂರು ನಿಯಮ ಪಾಲಿಸುವ ಪರಿಮಾಣ) ಅಲ್ಲ, ದ್ವಿಘಾತ ರೂಪ. ಭೌತದವರ ಸಡಿಲ ಮಾತಿಗೆ ಗಣಿತ ಹೊಣೆಯಲ್ಲ.

ಮೂಲೆಮನೆ
ಶುರುವಾಯ್ತು.

ಕಂಪನಲೇಖ
ಅವರು ಜಗಳ ಆಡ್ತಿರಲಿ, ನಾನು ಭೂಕಂಪದ 10 ಮತ್ತು 32ನ್ನು ಮುಗಿಸ್ತೀನಿ. ಎರಡೂ ಸರಿ, ಎರಡು ಬೇರೆ ಪ್ರಶ್ನೆಗೆ ಉತ್ತರ.

1935ರಲ್ಲಿ ಚಾರ್ಲ್ಸ್ ರಿಕ್ಟರ್ ದಕ್ಷಿಣ ಕ್ಯಾಲಿಫೋರ್ನಿಯಾಕ್ಕಾಗಿ ಮಾಡಿದ ಮಾನ ಇದು. ಮ್ಯಾಗ್ನಿಟ್ಯೂಡ್ ಅನ್ನೋ ಪದವನ್ನು ಖಗೋಳದಿಂದಲೇ ಎತ್ತಿಕೊಂಡದ್ದು, ಆದರೆ ದಿಕ್ಕು ತಿರುಗಿಸಿ, ದೊಡ್ಡದಕ್ಕೆ ದೊಡ್ಡ ಅಂಕಿ ಕೊಟ್ಟರು. ವುಡ್-ಆಂಡರ್ಸನ್ ಕಂಪನಮಾಪಕ 100 ಕಿಲೋಮೀಟರ್ ದೂರದಲ್ಲಿದ್ದು ಅದರ ರೇಖೆ 1 ಮಿಲಿಮೀಟರ್ ಆಡಿದರೆ ಮ್ಯಾಗ್ನಿಟ್ಯೂಡ್ 3. ಸಾವಿರದಲ್ಲೊಂದು ಮಿಲಿಮೀಟರ್ ಆಡಿದರೆ ಸೊನ್ನೆ. ರೇಖೆಯ ಆಟ ಹತ್ತು ಪಟ್ಟು ಹೆಚ್ಚಿದರೆ ಅಂಕಿ ಒಂದು ಹೆಚ್ಚುತ್ತೆ. ಇದು ನಿಮ್ಮ '10 ಪಟ್ಟು', ಅದೂ ಒಂದೇ ದೂರದಲ್ಲಿ ಅಳೆದಾಗ.

ಹೊರಬಿದ್ದ ಶಕ್ತಿ ಅಂಕಿಯ ಒಂದೂವರೆ ಪಟ್ಟು ಘಾತದಲ್ಲಿ ಏರುತ್ತೆ: ಹತ್ತರ 1.5ನೇ ಘಾತ 31.6. ಇದು ನಿಮ್ಮ '32 ಪಟ್ಟು'. ಎರಡು ಅಂಕಿಗೆ ಸರಿಯಾಗಿ 1,000 ಪಟ್ಟು. 0.2 ವ್ಯತ್ಯಾಸಕ್ಕೇ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟು, ಆದ್ದರಿಂದ '6.1 ಅಂದರೂ 6.3 ಅಂದರೂ ಒಂದೇ' ಅನ್ನೋ ಮಾತು ನಡೆಯಲ್ಲ.

ಸೊನ್ನೆಗಿಂತ ಕೆಳಗೂ ಇದೆ. ಗಣಿಗಳೊಳಗೆ ಬಂಡೆ ಬಿರುಕು ಬಿಡೋದನ್ನು ಅಳೆಯುವ ಸೂಕ್ಷ್ಮ ಸಂವೇದಕಗಳು −1, −2ರ ಕಂಪನಗಳನ್ನು ಮಾಮೂಲಿಯಾಗಿ ದಾಖಲಿಸುತ್ತವೆ.

ಪತ್ರಿಕೆಓದುಗ
ಅಂದರೆ ನಮ್ಮ ಸುದ್ದಿಗಳಲ್ಲಿ ಬರೋ 'ರಿಕ್ಟರ್ ಮಾಪಕದಲ್ಲಿ 7.6' ಸರಿ ತಾನೆ?

ಕಂಪನಲೇಖ
ಅಂಕಿ ಸರಿ ಇರುತ್ತೆ, ಮಾಪಕದ ಹೆಸರು ಬಹುತೇಕ ಸರಿ ಇರಲ್ಲ. ದೊಡ್ಡ ಭೂಕಂಪಗಳಿಗೆ ಈಗ ಬಳಸೋದು 1979ರಲ್ಲಿ ಹ್ಯಾಂಕ್ಸ್ ಮತ್ತು ಕಾನಾಮೊರಿ ಕೊಟ್ಟ ಮೊಮೆಂಟ್ ಮ್ಯಾಗ್ನಿಟ್ಯೂಡ್. ಅದರಲ್ಲಿ ರೇಖೆಯ ಎತ್ತರ ಅಳೆಯೋದೇ ಇಲ್ಲ. ಬಂಡೆಯ ಬಿಗಿತ × ಜಾರಿದ ಸ್ತರಭಂಗದ ವಿಸ್ತೀರ್ಣ × ಸರಾಸರಿ ಜಾರಿಕೆ, ಇದು ಮೊಮೆಂಟ್. ಅದರ ಲಾಗ್‌ನಿಂದ 9.1 ಕಳೆದು ಮೂರನೇ ಎರಡರಿಂದ ಗುಣಿಸಿ.

ಒಂದು ಲೆಕ್ಕ ಮಾಡಿ ನೋಡಿ. ಬಿಗಿತ 3 × 10¹⁰ ಪ್ಯಾಸ್ಕಲ್, ಬಿರುಕು 50 ಕಿ.ಮೀ. ಉದ್ದ 20 ಕಿ.ಮೀ. ಆಳ ಅಂದರೆ 10⁹ ಚದರ ಮೀಟರ್, ಜಾರಿಕೆ 2 ಮೀಟರ್. ಮೊಮೆಂಟ್ 6 × 10¹⁹ ನ್ಯೂಟನ್ ಮೀಟರ್. ಲಾಗ್ 19.78. 9.1 ಕಳೆದರೆ 10.68. ಮೂರನೇ ಎರಡು ಭಾಗ 7.1. ಕಿಲೋಮೀಟರನ್ನು ಮೀಟರ್ ಮಾಡದೆ ಹಾಕಿದರೆ ವಿಸ್ತೀರ್ಣದಲ್ಲಿ ಹತ್ತು ಲಕ್ಷ ಪಟ್ಟು ತಪ್ಪಾಗಿ, ಉತ್ತರ 4 ಅಂಕಿ ಕೆಳಗೆ ಬಿದ್ದು 3.1 ಬರುತ್ತೆ. 50 ಕಿ.ಮೀ. ಬಿರುಕಿಗೆ 3.1 ಬಂದರೆ ಅಲ್ಲೇ ಗೊತ್ತಾಗಬೇಕು.

ಹಳೇ ಮಾಪಕ ಬಿಟ್ಟದ್ದೇಕೆ ಅಂದರೆ, ಅದು 7ರ ಹತ್ತಿರ ಬಂದಾಗ ತುಂಬಿಹೋಗುತ್ತೆ. ಆ ಉಪಕರಣಕ್ಕೆ ಕಾಣೋದು ಸೆಕೆಂಡಿನ ಆಸುಪಾಸಿನ ವೇಗದ ಅಲುಗಾಟ. ನೂರಾರು ಕಿಲೋಮೀಟರ್ ಬಿರುಕು ನಿಮಿಷಗಟ್ಟಲೆ ಸೀಳಿದಾಗ ಹೆಚ್ಚಿನ ಶಕ್ತಿ ನಿಧಾನದ ಅಲೆಗಳಲ್ಲಿರುತ್ತೆ, ರೇಖೆ ಅಷ್ಟಾಗಿ ಎತ್ತರಕ್ಕೆ ಹೋಗಲ್ಲ. 2011ರ ಜಪಾನ್ ಭೂಕಂಪಕ್ಕೆ ಮೊದಲ ನಿಮಿಷಗಳಲ್ಲಿ ಅಲ್ಲಿನ ಹವಾಮಾನ ಸಂಸ್ಥೆ ಕೊಟ್ಟ ಅಂಕಿ 7.9, ಕೊನೆಗೆ ನಿಂತದ್ದು 9.0. ಆ 1.1ರ ವ್ಯತ್ಯಾಸ ಶಕ್ತಿಯಲ್ಲಿ ಸುಮಾರು 45 ಪಟ್ಟು. ಸುನಾಮಿಯ ಎತ್ತರದ ಮೊದಲ ಅಂದಾಜು ತೀರಾ ಕಡಿಮೆ ಬಂದದ್ದು ಅದರಿಂದಲೇ.

ಪತ್ರಿಕೆಓದುಗ
ಆದರೆ 6.2ರ ಕಂಪನ ಒಂದೂರಲ್ಲಿ ಮನೆ ಕೆಡವುತ್ತೆ, ಇನ್ನೊಂದೂರಲ್ಲಿ ಪಾತ್ರೆ ಮಾತ್ರ ಅಲ್ಲಾಡಿಸುತ್ತೆ. ಒಂದೇ ಅಂಕಿ ಅಂದಮೇಲೆ ಹೇಗೆ?

ಕಂಪನಲೇಖ
ಮ್ಯಾಗ್ನಿಟ್ಯೂಡ್ ಮೂಲದ್ದು, ಒಂದು ಭೂಕಂಪಕ್ಕೆ ಒಂದೇ. ಅಲ್ಲಲ್ಲಿ ಆದ ಅಲುಗಾಟವನ್ನು ಹೇಳೋದು ಮರ್ಕಾಲಿ ಮಾನ, ಒಂದರಿಂದ ಹನ್ನೆರಡರವರೆಗೆ, ರೋಮನ್ ಅಂಕಿಯಲ್ಲಿ. ಅದು ಆಳ, ದೂರ, ಮಣ್ಣು ಎಲ್ಲದರ ಮೇಲೆ ನಿಂತಿದೆ, ಊರೂರಿಗೆ ಬದಲಾಗುತ್ತೆ.

ದಶಮಾಂಶ
ಆರ್ಡರ್ ಪ್ರಶ್ನೆ ಯಾರೂ ಮುಟ್ಟಿಲ್ಲ. ಉತ್ತರ ಬೇಕಾದರೆ ನಿಯಮ ಯಾವುದು ಅಂತ ಮೊದಲು ಹೇಳಬೇಕು, ಯಾಕಂದರೆ ಮೂರು ಚಾಲ್ತಿಯಲ್ಲಿವೆ. ಒಂದು, ಘಾತವನ್ನು ಇದ್ದ ಹಾಗೇ ತಗೊಳ್ಳೋದು: 6.37 × 10⁶ ಅಂದರೆ 6. ಎರಡು, ಮುಂದಿನ ಅಂಕಿ 5ಕ್ಕಿಂತ ಹೆಚ್ಚಿದ್ದರೆ ಒಂದು ಘಾತ ಏರಿಸೋದು: 7. ಮೂರು, ಲಾಗ್ ತೆಗೆದು ಹತ್ತಿರದ ಪೂರ್ಣಾಂಕಕ್ಕೆ ತರೋದು: 6.80, ಅಂದರೆ 7.

ನಿಜವಾದ ತಕರಾರು 3.16 ಮತ್ತು 5ರ ನಡುವೆ. ಪಟ್ಟುಗಳಲ್ಲಿ ನೋಡಿದರೆ 1ಕ್ಕೂ 10ಕ್ಕೂ ನಡುಬಿಂದು 5 ಅಲ್ಲ, 10ರ ವರ್ಗಮೂಲ, 3.162. ಹಾಗಾಗಿ 4.2 × 10⁷ ಎರಡನೇ ನಿಯಮದಲ್ಲಿ 7, ಮೂರನೆಯದರಲ್ಲಿ 8. ನನ್ನ ಪ್ರಕಾರ ಮೂರನೆಯದೇ ತರ್ಕಬದ್ಧ. 5ರ ಗಡಿ ಸಾಮಾನ್ಯ ರೌಂಡಿಂಗ್ ಅಭ್ಯಾಸವನ್ನು ಇಲ್ಲಿಗೂ ಎಳೆದು ತಂದದ್ದು.

ಕೊನೇಬೆಂಚು
ಪರೀಕ್ಷೆಯಲ್ಲಿ?

ದಶಮಾಂಶ
ಪಠ್ಯದಲ್ಲಿ ಇರೋ ನಿಯಮ ಬರೀರಿ, ತರ್ಕ ಆಮೇಲೆ. ಭೂಮಿಯ ತ್ರಿಜ್ಯಕ್ಕಂತೂ ಕೊನೆಯ ಎರಡೂ 7 ಅಂತಲೇ ಕೊಡುತ್ತವೆ. ಋಣ ಘಾತದಲ್ಲಿ ಎಚ್ಚರ: ಎಲೆಕ್ಟ್ರಾನ್ ದ್ರವ್ಯರಾಶಿ 9.11 × 10⁻³¹ ಕಿಲೋಗ್ರಾಂ. ಏರಿಸಿದರೆ 10⁻³⁰, ಹಲವರು ಬರೆಯೋ ಹಾಗೆ 10⁻³² ಅಲ್ಲ.

ಇನ್ನೊಂದು ಗುಂಡಿ: ಆರ್ಡರ್‌ಗಳನ್ನು ರೌಂಡ್ ಮಾಡಿಕೊಂಡು ಕಳೆಯಬೇಡಿ. 3.0 ಮತ್ತು 3.3ಕ್ಕೆ ಮೂರನೇ ನಿಯಮದಲ್ಲಿ ಆರ್ಡರ್ 0 ಮತ್ತು 1, ಆದರೆ ಅನುಪಾತ 1.1 ಮಾತ್ರ. ಮೊದಲು ಭಾಗಿಸಿ, ಆಮೇಲೆ ಲಾಗ್.

ಮೂಲೆಮನೆ
ನಕ್ಷತ್ರದ ವಿಷಯಕ್ಕೆ ವಾಪಸ್. 2ನೇ ದರ್ಜೆಯ ಎರಡು ನಕ್ಷತ್ರ ಅಂಟಿಕೊಂಡಂತೆ ಕಂಡರೆ ಒಟ್ಟು 4. ಸರೀನಾ?

ಇರುಳುನೋಟ
4 ಅಂದರೆ ಒಂದೊಂದಕ್ಕಿಂತಲೂ ಮಂಕು ಆಯ್ತಲ್ಲ! ಎರಡು ದೀಪ ಹಚ್ಚಿ ಕತ್ತಲೆ ಮಾಡಿದಿರಿ. ಲಾಗ್ ಅಂಕಿಗಳನ್ನು ಕೂಡಬಾರದು. ಎರಡನ್ನೂ ಬೆಳಕಿಗೆ ಬದಲಿಸಿ, ಕೂಡಿಸಿ, ಮತ್ತೆ ಲಾಗ್‌ಗೆ ಬನ್ನಿ. ಬೆಳಕು ಎರಡು ಪಟ್ಟು, 2.5 × ಲಾಗ್ 2 = 0.75, ಆದ್ದರಿಂದ ಒಟ್ಟು 1.25.

ಸಮ ಅಲ್ಲದಿದ್ದಾಗ: ಮಿಥುನ ರಾಶಿಯ ಕ್ಯಾಸ್ಟರ್ ದೂರದರ್ಶಕದಲ್ಲಿ 1.93 ಮತ್ತು 2.97ರ ಜೋಡಿ. ಹತ್ತರ −0.772ನೇ ಘಾತ 0.169, ಹತ್ತರ −1.188ನೇ ಘಾತ 0.065. ಮೊತ್ತ 0.234. −2.5 × ಲಾಗ್ 0.234 = 1.58. ಬರಿಗಣ್ಣಿಗೆ ಕಾಣೋದು ಇದೇ.

ತಂತಿವಾದ್ಯ
ಡೆಸಿಬೆಲ್‌ಗೂ ಇದೇ ಕಥೆ. 60 ಡೆಸಿಬೆಲ್‌ನ ಎರಡು ಸ್ವತಂತ್ರ ಸದ್ದು ಸೇರಿದರೆ 63, 120 ಅಲ್ಲ. ಅಲ್ಲಿ ಇನ್ನೊಂದು ತೊಡಕು: ಶಕ್ತಿಯ ಅನುಪಾತಕ್ಕೆ 10 × ಲಾಗ್, ವೋಲ್ಟೇಜ್ ಅಥವಾ ಒತ್ತಡದ ಅನುಪಾತಕ್ಕೆ 20 × ಲಾಗ್, ಯಾಕಂದರೆ ಶಕ್ತಿ ವೈಶಾಲ್ಯದ ವರ್ಗಕ್ಕೆ ಅನುಪಾತದಲ್ಲಿದೆ. ಫಿಲ್ಟರ್ ಪ್ಲಾಟ್‌ನ −3 ಡೆಸಿಬೆಲ್ ಬಿಂದುವಲ್ಲಿ ಮ್ಯಾಗ್ನಿಟ್ಯೂಡ್ 0.707, ಶಕ್ತಿ ಅರ್ಧ. '−3 ಅಂದರೆ ವೋಲ್ಟೇಜ್ ಅರ್ಧ' ಅನ್ನೋದು ತಪ್ಪು, ಅರ್ಧ ವೋಲ್ಟೇಜಿಗೆ −6. ಹಾಗೇ 0 ಡೆಸಿಬೆಲ್ ಅಂದರೆ ನಿಶ್ಶಬ್ದ ಅಲ್ಲ, ಗಾಳಿಯಲ್ಲಿ 20 ಮೈಕ್ರೋಪ್ಯಾಸ್ಕಲ್ ಒತ್ತಡ.

ಶುದ್ಧಗಣಿತ
ನೋಡಿ, ಲಾಗ್ ಹಾಕಿದ ಕಡೆಯೆಲ್ಲ ಕೂಡೋದು ಕಳೆಯೋದು ಕೆಡುತ್ತೆ. ನಾನು ಹೇಳಿದ್ದೂ ಇದನ್ನೇ.

ಇರುಳುನೋಟ
ಕೂಡೋದು ಕೆಡುತ್ತೆ, ಕಳೆಯೋದು ಕೆಡಲ್ಲ. ಎರಡು ಕಾಂತಿಮಾನದ ವ್ಯತ್ಯಾಸ ನೇರ ಅನುಪಾತವನ್ನೇ ಕೊಡುತ್ತೆ, ಸೂತ್ರ ಇರೋದೇ ಅದಕ್ಕೆ.

ಬಿಟ್‌ಬೈಟ್
ಕೋಡ್ ಬರೆಯೋರಿಗೆ ಎರಡು ಮಾತು. 'ಪರಿಮಾಣ ಋಣ ಆಗಲ್ಲ' ಅನ್ನೋದನ್ನು ಕಂಪ್ಯೂಟರ್ ಒಪ್ಪಬೇಕಂತಿಲ್ಲ. 32 ಬಿಟ್ ಪೂರ್ಣಾಂಕದ ವ್ಯಾಪ್ತಿ −2147483648ರಿಂದ 2147483647. ಋಣ ಕಡೆ ಒಂದು ಸಂಖ್ಯೆ ಜಾಸ್ತಿ. ಆ ಕೊನೆಯ ಸಂಖ್ಯೆಯ ನಿರಪೇಕ್ಷ ಮೌಲ್ಯಕ್ಕೆ ಜಾಗವೇ ಇಲ್ಲ. ಜಾವಾದಲ್ಲಿ ಆಬ್ಸ್ ಫಂಕ್ಷನ್ ಅದೇ ಋಣ ಸಂಖ್ಯೆಯನ್ನು ವಾಪಸ್ ಕೊಡುತ್ತೆ, ಸಿ ಭಾಷೆಯಲ್ಲಿ ಏನಾಗುತ್ತೆ ಅಂತ ಮಾನಕ ಖಾತ್ರಿ ಕೊಡೋದೇ ಇಲ್ಲ. ಹ್ಯಾಶ್ ಮೌಲ್ಯದ ಆಬ್ಸ್ ತೆಗೆದು ಅರೇ ಸೂಚ್ಯಂಕ ಮಾಡೋ ಕೋಡ್ ಅಪರೂಪಕ್ಕೊಮ್ಮೆ ಬೀಳೋದು ಈ ಒಂದು ಸಂಖ್ಯೆಯಿಂದ.

ಎರಡನೇದು: ವರ್ಗ, ಮೊತ್ತ, ಮೂಲ ಅನ್ನೋ ಸೂತ್ರವನ್ನು ಹಾಗೇ ಬರೆದರೆ ಘಟಕಗಳು 3 × 10²⁰⁰ ಮತ್ತು 4 × 10²⁰⁰ ಇದ್ದಾಗ ಅನಂತ ಬರುತ್ತೆ. ಡಬಲ್‌ನ (64 ಬಿಟ್ ದಶಮಾಂಶ ಸಂಖ್ಯೆ) ಮಿತಿ ಸುಮಾರು 1.8 × 10³⁰⁸, ವರ್ಗ 10⁴⁰⁰ ದಾಟುತ್ತೆ. ಉತ್ತರ ಮಾತ್ರ 5 × 10²⁰⁰, ಆರಾಮಾಗಿ ಹಿಡಿಸುತ್ತೆ. ದೊಡ್ಡ ಘಟಕದಿಂದ ಭಾಗಿಸಿ, ಲೆಕ್ಕ ಮಾಡಿ, ಕೊನೆಗೆ ಗುಣಿಸಿ. ಹೈಪಾಟ್ ಫಂಕ್ಷನ್ ಇದನ್ನು ನೋಡಿಕೊಳ್ಳುತ್ತೆ, ಅದನ್ನೇ ಬಳಸಿ. ತೀರಾ ಸಣ್ಣ ಸಂಖ್ಯೆಗಳಲ್ಲಿ ವರ್ಗ ಸೊನ್ನೆಗೆ ಇಳಿಯೋ ಸಮಸ್ಯೆಗೂ ಅದೇ ಮದ್ದು.

ಸಂವೇದಕ
ಅಳತೆಯ ಕಡೆಯಿಂದ ಇನ್ನೊಂದು. ಗದ್ದಲ ಇರೋ ಘಟಕಗಳ ಸರಾಸರಿ ಸೊನ್ನೆ ಇರಬಹುದು, ಆದರೆ ಪರಿಮಾಣದ ಸರಾಸರಿ ಸೊನ್ನೆ ಆಗಲ್ಲ. ಮೂರು ಅಕ್ಷದಲ್ಲೂ ಪ್ರಮಾಣ ವಿಚಲನೆ 0.1 ಇರುವ ಶುದ್ಧ ಗಾಸಿಯನ್ ಗದ್ದಲ ಇದ್ದರೆ ಪರಿಮಾಣದ ಸರಾಸರಿ 0.16 ಬರುತ್ತೆ. ಮೈನಸ್ ಎಲ್ಲ ಪ್ಲಸ್ ಆಗಿಬಿಟ್ಟಿರೋದರಿಂದ ಎಷ್ಟೇ ಮಾದರಿ ಸೇರಿಸಿದರೂ ಇಳಿಯಲ್ಲ. ಎಂಆರ್‌ಐ ಚಿತ್ರದ ಕಪ್ಪು ಜಾಗ ಪೂರ್ತಿ ಸೊನ್ನೆ ಇಲ್ಲದಿರೋದಕ್ಕೆ ಇದೂ ಕಾರಣ. ಮದ್ದು: ಮೊದಲು ಘಟಕಗಳ ಸರಾಸರಿ, ಆಮೇಲೆ ಪರಿಮಾಣ.

ಗಾಳಿಪಟ
ಕ್ರಮ ಯಾವಾಗಲೂ ಅದೇ ಅಂತ ಹೇಳಬೇಡಿ. ಅರ್ಧ ದಿನ ಉತ್ತರಕ್ಕೆ ಸೆಕೆಂಡಿಗೆ 5 ಮೀಟರ್, ಅರ್ಧ ದಿನ ದಕ್ಷಿಣಕ್ಕೆ 5 ಮೀಟರ್ ಗಾಳಿ. ಘಟಕಗಳ ಸರಾಸರಿ ಸೊನ್ನೆ, ಪರಿಮಾಣದ ಸರಾಸರಿ 5. ಗಾಳಿಯಂತ್ರದ ವಿದ್ಯುತ್ ಲೆಕ್ಕಕ್ಕೆ ಸೊನ್ನೆ ತಗೊಂಡು ಏನು ಮಾಡೋದು? ಹೊಗೆ ಒಟ್ಟಾರೆ ಯಾವ ಕಡೆ ಸಾಗಿತು ಅನ್ನೋದಕ್ಕೆ ಮಾತ್ರ ಮೊದಲನೇದು.

ಸಂವೇದಕ
ಗದ್ದಲಕ್ಕೆ ನನ್ನ ಕ್ರಮ, ನಿಜವಾದ ಏರಿಳಿತಕ್ಕೆ ನಿಮ್ಮದು. ಒಪ್ಪಿದೆ.

ಸದಿಶಪುರಾಣ
ಇದೇ ಧಾಟಿಯಲ್ಲಿ ವೇಗೋತ್ಕರ್ಷ. 'ಜವ (ದಿಕ್ಕು ಬಿಟ್ಟ ವೇಗ) ಬದಲಾಗುವ ದರ' ಮತ್ತು 'ವೇಗ ಬದಲಾಗುವ ದರದ ಪರಿಮಾಣ' ಒಂದೇ ಅಲ್ಲ. 2 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸೆಕೆಂಡಿಗೆ 4 ಮೀಟರ್‌ನಂತೆ ಒಂದೇ ಸಮ ಸುತ್ತುವ ವಸ್ತುವಿಗೆ ಮೊದಲನೆಯದು ಸೊನ್ನೆ, ಎರಡನೆಯದು 16/2 = 8 ಮೀಟರ್ ಪ್ರತಿ ಸೆಕೆಂಡ್ ವರ್ಗ. ಪರಿಮಾಣ ಮೊದಲು ತೆಗೆದರೆ ದಿಕ್ಕಿನ ಬದಲಾವಣೆ ಕಳೆದುಹೋಗುತ್ತೆ.

ಮೂಲೆಮನೆ
ಘಟಕಗಳ ಮಾನ ಬೇರೆ ಬೇರೆ ಇದ್ದರೆ? ಒಂದು ಮೀಟರ್, ಇನ್ನೊಂದು ಕಿಲೋಗ್ರಾಂ.

ಶುದ್ಧಗಣಿತ
9 ಚದರ ಮೀಟರಿಗೆ 16 ಚದರ ಕಿಲೋಗ್ರಾಂ ಕೂಡಿಸಿ ಏನು ಬರುತ್ತೆ ಅಂತ ನೀವೇ ಹೇಳಿ.

ಬಿಟ್‌ಬೈಟ್
ಡೇಟಾ ಸೈನ್ಸ್‌ನಲ್ಲಿ ದಿನಾ ಕೂಡಿಸ್ತಾರೆ, ಪ್ರಮಾಣ ವಿಚಲನೆಯಿಂದ ಭಾಗಿಸಿ ಮಾನ ಕಳಚಿದ ಮೇಲೆ. ಭಾಗಿಸೋದು ಮರೆತರೆ ಮೀಟರನ್ನು ಮಿಲಿಮೀಟರ್ ಮಾಡಿದ ಮಾತ್ರಕ್ಕೆ 'ಹತ್ತಿರದ ನೆರೆಯವರು' ಬದಲಾಗಿಬಿಡುತ್ತಾರೆ. ಜತೆಗೆ ಯಾವ ನಾರ್ಮ್ ಅನ್ನೋದೂ ಮುಖ್ಯ: 3, 4 ಘಟಕಕ್ಕೆ ಯೂಕ್ಲಿಡ್ ನಾರ್ಮ್ 5, ನಿರಪೇಕ್ಷ ಮೌಲ್ಯಗಳ ಮೊತ್ತದ ನಾರ್ಮ್ 7, ಗರಿಷ್ಠ ಘಟಕದ ನಾರ್ಮ್ 4. ಮೂರೂ ಶುದ್ಧಗಣಿತ ಅವರ ನಿಯಮ ಪಾಲಿಸುತ್ತವೆ.

ಕೊನೇಬೆಂಚು
ಕೊನೇದೊಂದು. 'ನಿರಪೇಕ್ಷ ಕಾಂತಿಮಾನ' ಅಂದರೆ ನಿರಪೇಕ್ಷ ಮೌಲ್ಯದ ಹಾಗೆ ಮೈನಸ್ ತೆಗೆದದ್ದಾ? ಲುಬ್ಧಕಕ್ಕೆ +1.46?

ಇರುಳುನೋಟ
ಸಂಬಂಧವೇ ಇಲ್ಲ. ನಕ್ಷತ್ರವನ್ನು 10 ಪಾರ್ಸೆಕ್, ಅಂದರೆ 32.6 ಜ್ಯೋತಿರ್ವರ್ಷ ದೂರದಲ್ಲಿಟ್ಟರೆ ಎಷ್ಟು ಹೊಳೆಯುತ್ತೆ ಅನ್ನೋದು ಅದು. ಸೂತ್ರ: ಕಾಣುವ ಕಾಂತಿಮಾನ − 5 × ಲಾಗ್ (ಪಾರ್ಸೆಕ್‌ನಲ್ಲಿ ದೂರ) + 5. ಲುಬ್ಧಕದ ದೂರ 2.64 ಪಾರ್ಸೆಕ್, ಲಾಗ್ 0.42, ಆದ್ದರಿಂದ −1.46 − 2.11 + 5 = 1.43. ನಿಮ್ಮ 1.46ಕ್ಕೆ ಇದು ಹತ್ತಿರ ಬಂದದ್ದು ಕಾಕತಾಳೀಯ, ಅದನ್ನು ನಿಯಮ ಅಂದುಕೊಳ್ಳಬೇಡಿ: ಸೂರ್ಯನದು −26.74, ನಿರಪೇಕ್ಷದಲ್ಲಿ +4.83.

ಕ್ಷುದ್ರಗ್ರಹದ ಪಟ್ಟಿಯಲ್ಲಿ ಅದೇ ಹೆಸರು ಕಂಡರೆ ಅಲ್ಲಿ 10 ಪಾರ್ಸೆಕ್ ಹಾಕಬೇಡಿ. ಅಲ್ಲಿ ಸೂರ್ಯನಿಂದಲೂ ನೋಡುವವರಿಂದಲೂ ಒಂದೊಂದು ಖಗೋಳ ಮಾನ (ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ಅಂತರ) ದೂರ, ಪೂರ್ತಿ ಬೆಳಗಿದ ಮುಖ ಅಂತ ಲೆಕ್ಕ. ಅದರಲ್ಲಿ 22 ಅಂದರೆ, ಪ್ರತಿಫಲನ ಸಾಮರ್ಥ್ಯ 0.14 ಅಂತ ಹಿಡಿದರೆ, ಸುಮಾರು 140 ಮೀಟರ್ ವ್ಯಾಸದ ಬಂಡೆ.